ಪೋಸ್ಟಿಗೆ ಹಾಕದ ಗಂಟೆ

"ಅಪ್ಪ, ಕೇಳಿಸ್ತಾ ಇದ್ಯಾ? ಕೇಳಿಸ್ತಾ ಇದ್ರೆ ತಲೆ ಆಡ್ಸು."

ಫೋನಿನೊಳಗೆ ಅಪ್ಪ ತಲೆ ಆಡಿಸಿದ. ಬಾಯಿ ತೆರೆಯಲಿಲ್ಲ.

ಒಲೆಯ ಮುಂದಿದ್ದ ಅಜ್ಜಿ ಕತ್ತು ಚಾಚಿ ನೋಡಿದಳು. "ಯಾಕೆ ಹಿಂಗೆ ಕೂತವ್ನೆ? ಗಂಟಲು ಕಟ್ಕೊಂಡಿದ್ಯೇನೋ ರಾಜು?"

"ಅಜ್ಜಿ, ಆಗ್ಲೇ ಹೇಳಿದ್ನಲ್ಲ. ಜಪಾನಲ್ಲಿ ಟ್ರೈನ್ ಒಳಗೆ ಫೋನಲ್ಲಿ ಮಾತಾಡ್ಬಾರ್ದಂತೆ. ನಾವು ಮಾತಾಡ್ಬೋದು. ಅಪ್ಪ ಇಯರ್‌ಫೋನಲ್ಲಿ ಕೇಳಿಸ್ಕೋತಾನೆ, ಅಷ್ಟೆ."

"ಮಾತಾಡಿದ್ರೆ ಪೊಲೀಸರು ಹಿಡೀತಾರಾ?"

"ಯಾರೂ ಏನೂ ಮಾಡಲ್ವಂತೆ. ಆದ್ರೂ ಯಾರೂ ಮಾತಾಡಲ್ವಂತೆ."

ಅಪ್ಪ ಫೋನನ್ನು ಮೆಲ್ಲಗೆ ತಿರುಗಿಸಿದ. ಸಾಲಾಗಿ ಸೀಟು. ಸೀಟಿನ ತುಂಬ ಜನ. ಒಂದು ಪುಟ್ಟ ಮಗು ಕೂಡ ಸುಮ್ಮನೆ ಕೂತಿತ್ತು.

"ನಮ್ ಕೆ.ಆರ್. ಪುರದ ಟ್ರೈನಲ್ಲಿ ಜನ ಹಿಂಗೆ ಕೂತಿದ್ರೆ, ಯಾರೋ ಸತ್ತೋಗವ್ರೆ ಅಂತ ನಾನು ಇಳಿದೇಬಿಡ್ತಿದ್ದೆ," ಎಂದಳು ಅಜ್ಜಿ.

ಅಪ್ಪನ ಭುಜ ಕುಲುಕಿತು. ಸದ್ದಿಲ್ಲದ ನಗು.

ಇವತ್ತು ತೇಜಶ್ರೀಗೆ ದೊಡ್ಡ ದಿನ. ಅಪ್ಪ ಜಪಾನಿಗೆ ಹೋಗಿ ಒಂದೂವರೆ ವರ್ಷವಾಗಿತ್ತು. ಅಲ್ಲಿಯ ಒಂದು ದೊಡ್ಡ ನಗರದ ಹೋಟೆಲಿನಲ್ಲಿ ಅಪ್ಪ ದೋಸೆ ಹಾಕುತ್ತಾನೆ. ಬೆಳಿಗ್ಗೆಯಿಂದ ರಾತ್ರಿಯವರೆಗೆ ಕೆಲಸ. ವಾರದ ರಜೆಯಲ್ಲಿ ಬಟ್ಟೆ ಒಗೆದು ಮಲಗಿಬಿಡುತ್ತಾನೆ. ಆದರೆ ಕಳೆದ ವಾರ ಅವನೇ ಹೇಳಿದ್ದ: "ತೇಜು, ಇಲ್ಲಿ ಬೆಟ್ಟದ ಮಧ್ಯ ಒಂದು ಹಳೇ ಊರಿದೆ. ಎಲ್ಲಾ ಮರದ ಮನೆಗಳು. ಬರೋ ರಜಕ್ಕೆ ನಾನೂ ನೀನೂ ಅಲ್ಲಿಗೆ ಹೋಗಿ ಸುತ್ತಾಡಿ ಶಾಪಿಂಗ್ ಮಾಡೋಣ. ನೀನು ಫೋನಲ್ಲಿ ಬಾ."

ಅದಕ್ಕೇ ಅಮ್ಮ ಇವತ್ತು ತನ್ನ ಫೋನನ್ನು ಮನೆಯಲ್ಲೇ ಬಿಟ್ಟಿದ್ದಳು. ಅಮ್ಮನಿಗೆ ದೊಮ್ಮಲೂರಿನ ಒಂದು ಆಫೀಸಿನಲ್ಲಿ ಕಾಫಿ, ಟೀ ಮಾಡುವ ಕೆಲಸ. ಬೇಗ ಹೊರಡಬೇಕು. ಚಪ್ಪಲಿ ಹಾಕಿಕೊಂಡ ಮೇಲೂ ಅವಳು ಬಾಗಿಲಲ್ಲಿ ಒಂದು ಗಳಿಗೆ ನಿಂತಿದ್ದಳು.

"ತೇಜು, ಇವತ್ತು ಅಪ್ಪನ ಜೊತೆ ಜಗಳ ಆಡ್ಬೇಡ."

"ನಾನ್ಯಾಕೆ ಆಡ್ಲಿ?"

"ಸುಮ್ನೆ ಹೇಳ್ದೆ," ಎಂದು ಅಮ್ಮ ತಲೆ ಸವರಿ ಹೋಗಿದ್ದಳು.

ಈಗ ಅಪ್ಪ ಮಾತಾಡುವಂತಿಲ್ಲ. ತೇಜು ಒಬ್ಬಳೇ ಮಾತಾಡಬೇಕು. ಅವಳ ಹತ್ತಿರ ಮಾತು ಬೇಕಾದಷ್ಟಿತ್ತು. ಬೇಸಿಗೆ ರಜೆ ಶುರುವಾದಾಗಿನಿಂದ ಅವೆಲ್ಲ ಹಾಗೇ ಉಳಿದುಬಿಟ್ಟಿದ್ದವು. ಮಹಡಿ ಮನೆಯ ಸುಮೈರಾ ರಾಮಮೂರ್ತಿ ನಗರದ ನಾನಿ ಮನೆಗೆ ಹೋಗಿದ್ದಳು. ಗಲ್ಲಿಯಲ್ಲಿ ಆಡುವವರೆಲ್ಲ ದೊಡ್ಡ ಹುಡುಗರು. ಅವರ ಚೆಂಡು ಚರಂಡಿಗೆ ಬಿದ್ದಾಗ ಮಾತ್ರ ಅವರಿಗೆ ತೇಜುವಿನ ನೆನಪಾಗುತ್ತಿತ್ತು.

ಅವಳು ಚೆಂಡಿನ ಕತೆ ಹೇಳಿದಳು. ಸುಮೈರಾ ಫೋನ್ ಮಾಡದೇ ಇರುವುದನ್ನು ಹೇಳಿದಳು. ಅಪ್ಪ ಹುಬ್ಬು ಏರಿಸಿದ, ಇಳಿಸಿದ, ತಲೆ ಆಡಿಸಿದ.

ಆಮೇಲೆ ಬೆಳಿಗ್ಗೆಯಿಂದ ಬಾಯಲ್ಲೇ ಇಟ್ಟುಕೊಂಡಿದ್ದ ಮಾತನ್ನು ಕೇಳಿದಳು.

"ಅಪ್ಪ, ಮುಂದಿನ ತಿಂಗಳು ಬುದ್ಧ ಪೌರ್ಣಮಿಗೆ ಬರ್ತೀಯ ತಾನೆ?"

ಪೌರ್ಣಮಿಯ ದಿನ ಅವರ ಗಲ್ಲಿಯ ಬಾಯಲ್ಲಿ ದೊಡ್ಡ ಪಾತ್ರೆ ಇಟ್ಟು ಹಾಲುಪಾಯಸ ಮಾಡಿ, ಹೋಗುವವರಿಗೆ ಬರುವವರಿಗೆಲ್ಲ ಕೊಡುತ್ತಾರೆ. ಪಾಯಸ ಮಾಡುತ್ತಿದ್ದವನು ಅಪ್ಪ. ದೋಣಿಯ ಹುಟ್ಟಿನಂಥ ಸೌಟು ಹಿಡಿದು, ಬೆವರು ಒರೆಸಿಕೊಳ್ಳುತ್ತ ತಿರುಗಿಸುತ್ತಿದ್ದ. ಮೊದಲ ಲೋಟ ಬುದ್ಧನ ಪಟದ ಮುಂದೆ. ಎರಡನೆಯದು ತೇಜುಗೆ. ಹೋದ ವರ್ಷ ಯಾರೋ ಅಡುಗೆಯವರನ್ನು ಕರೆಸಿದ್ದರು. ಪಾಯಸ ತಳ ಹಿಡಿದು ಸೀದುಹೋಗಿತ್ತು. "ಮುಂದಿನ ಸಲ ನಾನೇ ಬಂದು ಮಾಡ್ತೀನಿ," ಎಂದು ಅಪ್ಪ ಆಗ ಫೋನಿನಲ್ಲಿ ಹೇಳಿದ್ದ.

"ಬರ್ತೀನಿ ಅಂದ್ರೆ ತಲೆ ಆಡ್ಸು, ಸಾಕು," ಎಂದಳು ತೇಜು.

ಅಪ್ಪ ಫೋನನ್ನು ಕಿಟಕಿಯ ಕಡೆ ತಿರುಗಿಸಿದ. ಹಸಿರು ನೀರಿನ ಹೊಳೆ. ಅದರಾಚೆ ಬೆಟ್ಟ. ಬೆಟ್ಟದ ನೆತ್ತಿಯಲ್ಲಿ ಇನ್ನೂ ಕರಗದ ಹಿಮ.

"ಅಯ್ಯೋ, ಎಷ್ಟು ಚೆನ್ನಾಗಿದೆ," ಎಂದಳು ಅಜ್ಜಿ.

ತೇಜು ಕಾದಳು. ಫೋನ್ ಅಪ್ಪನ ಮುಖದ ಕಡೆ ತಿರುಗಲಿಲ್ಲ. ಬೆಟ್ಟ ಮುಗಿದು ಕತ್ತಲೆಯ ಸುರಂಗ ಬಂತು. ಕಾಲ್ ಕಟ್ಟಾಯಿತು.

* * *

ಮತ್ತೆ ಅಪ್ಪ ಕರೆ ಮಾಡುವ ಹೊತ್ತಿಗೆ ತೇಜು ಮತ್ತು ಅಜ್ಜಿ ಹಲಸೂರು ಮಾರ್ಕೆಟ್ಟಿನ ಬೀದಿಗೆ ಬಂದಿದ್ದರು. ಅಜ್ಜಿಗೆ ಹೂವು, ಸೊಪ್ಪು ಬೇಕಿತ್ತು.

"ಬಂದ್ಬಿಟ್ಟೆ ತೇಜು. ಈಗ ಮಾತಾಡ್ಬೋದು. ನೋಡು, ಇದೇ ಆ ಊರು."

ಅಪ್ಪ ಕ್ಯಾಮೆರಾ ತಿರುಗಿಸಿದ. ಕಪ್ಪು ಮರದ ಮನೆಗಳು ಒಂದಕ್ಕೊಂದು ಭುಜ ತಾಗಿಸಿ ನಿಂತಿದ್ದವು. ಮುಂದೆ ಸಣ್ಣ ಸಣ್ಣ ಮರದ ಪಟ್ಟಿಗಳ ಜಾಲರಿ. ಬೀದಿಯ ಅಂಚಿಗೆ ಕಿರಿದಾದ ಕಾಲುವೆ, ಅದರಲ್ಲಿ ಕನ್ನಡಿಯಂಥ ನೀರು.

"ಅದು ಚರಂಡೀನಾ?" ತೇಜು ಕೇಳಿದಳು.

"ಹ್ಞೂಂ, ಹಾಗೇ ಅನ್ಕೋ. ಒಳಗೆ ಮೀನಿದೆ ನೋಡು."

ಕಿತ್ತಳೆ ಬಣ್ಣದ ದಪ್ಪ ಮೀನೊಂದು ಬಾಲ ಬೀಸಿ ಹೋಯಿತು.

"ನಮ್ ಚರಂಡೀಲಿ ಬರೀ ಚೆಂಡು," ಎಂದಳು ತೇಜು. ಅಪ್ಪ ನಕ್ಕ. ಈ ಸಲ ಸದ್ದು ಬಂತು. ಆದರೂ ಮೆಲ್ಲಗೆ. ಅಲ್ಲಿಯ ಬೀದಿಯೂ ಟ್ರೈನಿನ ಹಾಗೆಯೇ ಸದ್ದಿಲ್ಲದೆ ಇತ್ತು. ಇಲ್ಲಿ ತೇಜುವಿನ ಹಿಂದೆ ಆಟೋ ಒಂದು ಹಾರ್ನ್ ಹೊಡೆಯುತ್ತಲೇ ಇತ್ತು. ಟೊಮೆಟೊ ಗಾಡಿಯವನು ತಮಿಳಿನಲ್ಲೂ ಕನ್ನಡದಲ್ಲೂ ಕೂಗುತ್ತಿದ್ದ.

"ಸಾರಿ ಅಪ್ಪ, ಇಲ್ಲಿ ತುಂಬಾ ಸೌಂಡು. ಮ್ಯೂಟ್ ಮಾಡ್ಲಾ?"

"ಬೇಡ ಬೇಡ. ಫೋನ್ ರೋಡ್ ಕಡೆ ಹಿಡಿ. ಇನ್ನೂ ಸ್ವಲ್ಪ. ಹಾಂ, ಹಂಗೆ."

ತೇಜು ಫೋನನ್ನು ರಸ್ತೆಗೆ ಹಿಡಿದಳು. ಆಟೋ, ಗಾಡಿಯವನು, ಬಸ್ಸಿನ ಬ್ರೇಕು, ಯಾರದೋ ಮನೆಯ ಕುಕ್ಕರ್. ಪರದೆಯನ್ನು ಇಣುಕಿ ನೋಡಿದರೆ, ಅಪ್ಪ ಆ ಚಂದದ ಬೀದಿಯ ಮಧ್ಯೆ ಕಣ್ಣು ಮುಚ್ಚಿಕೊಂಡು ನಿಂತಿದ್ದ.

"ಅಪ್ಪ, ನೀನು ಊರು ನೋಡ್ತಾ ಇಲ್ಲ."

"ನೋಡ್ತೀನಿ, ನೋಡ್ತೀನಿ," ಎಂದು ಅಪ್ಪ ಕಣ್ಣು ತೆರೆದ.

ಹೂವಿನ ಅಹ್ಮದ್ ಪಾಷಾ ಮಲ್ಲಿಗೆಯನ್ನು ಮೊಳ ಹಾಕುತ್ತಿದ್ದವನು ಫೋನಿನೊಳಗೆ ನೋಡಿದ. "ಅರೆ, ಮುನಿರಾಜಣ್ಣಾ. ಏನಣ್ಣಾ, ಬೆಳ್ಳಗಾಗ್ಬಿಟ್ಟಿದೀರಾ?"

"ಚಳಿ ಪಾಷಾ, ಚಳಿ. ಚೆನ್ನಾಗಿದೀರಾ?"

"ನಾವ್ ಚೆನ್ನಾಗಿದೀವಿ. ಪಾಯಸಕ್ಕೆ ಯಾವಾಗ್ ಬರ್ತೀರಾ? ಹೋದ್ ವರ್ಷ ಆ ಸೀದ ಪಾಯಸ ತಿಂದು ನನ್ ಹೆಂಡ್ತಿ ಸಾಬಿರಾ ಇನ್ನೂ ಬೈತಾವ್ಳೆ."

ಅಪ್ಪ ನಕ್ಕ. ಆಮೇಲೆ, "ನೋಡೋಣ ಪಾಷಾ," ಎಂದ.

'ನೋಡೋಣ' ಎಂಬ ಮಾತು ತೇಜುಗೆ ಚೆನ್ನಾಗಿ ಗೊತ್ತಿತ್ತು. ಸೈಕಲ್ ಕೇಳಿದಾಗ ಅಮ್ಮ ಹೇಳುವ ಮಾತು ಅದು. ಆದರೆ ಅಪ್ಪ ಅಷ್ಟರಲ್ಲಿ ಯಾವುದೋ ದೊಡ್ಡ ಬಾಗಿಲಿನ ಮುಂದೆ ನಿಂತಿದ್ದ.

"ಅಮ್ಮಾ, ಇಲ್ಲಿ ಬುದ್ಧನ ಗುಡಿ ಇದೆ. ಒಳಗೆ ಹೋಗ್ತೀನಿ. ನೋಡ್ತೀಯಾ?" ಎಂದು ಅಜ್ಜಿಯನ್ನು ಕೇಳಿದ.

ಅವನು ಶೂ ಬಿಚ್ಚಿ ಗೂಡಿನಲ್ಲಿಟ್ಟ. ಮರದ ನೆಲ ಕಿರ್ ಎಂದಿತು. ಒಳಗೆ ಅರೆಬೆಳಕು. ದೂರದಲ್ಲಿ, ಹೊಗೆಯ ಹಿಂದೆ, ಕಣ್ಣು ಅರೆಮುಚ್ಚಿದ ಒಂದು ಮುಖ ಕಾಣಿಸಿತು.

ಅಜ್ಜಿ ಮಾರ್ಕೆಟ್ಟಿನ ನಡುವೆಯೇ ಚಪ್ಪಲಿ ಬಿಟ್ಟಳು.

"ಅಜ್ಜಿ, ಕೆಳಗೆ ಕೊಚ್ಚೆ."

"ಇರ್ಲಿ. ಫೋನ್ ಮೇಲಕ್ಕೆ ಹಿಡಿಯೇ. ಸೊಂಟದ ಹತ್ರ ಹಿಡ್ಕೊಂಡು ತೋರಿಸ್ತಾರಾ ಅದನ್ನ?"

ತೇಜು ಎರಡೂ ಕೈಯೆತ್ತಿ ಫೋನನ್ನು ತಲೆಯ ಮೇಲೆ ಹಿಡಿದಳು. ಅಜ್ಜಿ ಕೈಮುಗಿದು, ಕೇಳಿ ಕೇಳಿ ಬಾಯಿಪಾಠವಾದ ಬುದ್ಧನ ಪದವನ್ನು ಮೆಲ್ಲಗೆ ಹೇಳಿಕೊಂಡಳು. ಬರೀ ತುಟಿ ಅಲ್ಲಾಡುತ್ತಿತ್ತು. ದಾರಿಯಲ್ಲಿ ಬಂದ ಸ್ಕೂಟರಿನವನು ಹಾರ್ನ್ ಹೊಡೆಯಲು ಕೈಯಿಟ್ಟವನು, ಹೊಡೆಯದೆ ಪಕ್ಕದಲ್ಲಿ ತಿರುಗಿಸಿಕೊಂಡು ಹೋದ.

"ಫೋನಿಗೂ ಒಂದು ಮೊಳ ಹಾಕ್ಲಾ ಅಜ್ಜಿ?" ಎಂದ ಪಾಷಾ.

"ನಿನ್ ಮೊಳ ಚಿಕ್ಕದು. ಫೋನಿಗೂ ಸಾಲಲ್ಲ, ಹೋಗು," ಎಂದಳು ಅಜ್ಜಿ, ಚಪ್ಪಲಿ ಮೆಟ್ಟಿಕೊಳ್ಳುತ್ತ.

* * *

"ಕೆರೆ ಹತ್ರ ಹೋಗ್ತೀರಾ?" ಎಂದು ಅಪ್ಪ ಕೇಳಿದ. "ನನಗೂ ಸ್ವಲ್ಪ ಊರು ತೋರ್ಸಿ."

ಹಾಗಾಗಿ ಅವರು ಕೆರೆಯ ಪಕ್ಕದ ಕಲ್ಲುಬೆಂಚಿಗೆ ಬಂದು ಕೂತರು. ಅಜ್ಜಿ ಮಡಿಲಲ್ಲಿ ದಂಟಿನ ಸೊಪ್ಪು ಹರಡಿಕೊಂಡು ಬಿಡಿಸತೊಡಗಿದಳು. ತೇಜು ಅಪ್ಪನಿಗೆ ಕೆರೆ ತೋರಿಸಿದಳು. ನಡುಗಡ್ಡೆಯ ಮರಗಳಲ್ಲಿ ರೆಕ್ಕೆ ಒಣಗಿಸುತ್ತಿದ್ದ ನೀರುಕಾಗೆಗಳನ್ನು ತೋರಿಸಿದಳು. ಅಪ್ಪ ಅವಳಿಗೆ ಕೆಂಪು ಸೇತುವೆ ತೋರಿಸಿದ. ಕಡ್ಡಿಗೆ ಚುಚ್ಚಿ ಕೆಂಡದ ಮೇಲೆ ಸುಡುವ ಅಕ್ಕಿಯುಂಡೆ ತೋರಿಸಿದ.

"ತಿನ್ನಪ್ಪ, ಒಂದು ತಿನ್ನು. ನಾನು ನೋಡ್ತೀನಿ."

"ನಡ್ಕೊಂಡು ತಿನ್ನಂಗಿಲ್ಲ ಇಲ್ಲಿ. ನಿಂತ್ಕೊಂಡು ತಿಂದು, ಕಡ್ಡೀನ ಅವರಿಗೇ ವಾಪಸ್ ಕೊಡ್ಬೇಕು."

ಅಪ್ಪ ಅಂಗಡಿಯ ಪಕ್ಕ ಗೋಡೆಗೆ ಆನಿಕೊಂಡು ನಿಂತು ತಿಂದ. ಅವನ ಹಿಂದೆ ಒಂದು ಬೆಂಚಿನಲ್ಲಿ ಒಂದು ಮನೆಯವರೆಲ್ಲ ಕೂತು ತಿನ್ನುತ್ತಿದ್ದರು. ಅವರಲ್ಲಿ ಒಬ್ಬ ಬಂದು ಏನೋ ಕೇಳಿದ. ಅಪ್ಪ ತನ್ನ ಫೋನನ್ನು ಕಿಸೆಗೆ ಹಾಕಿಕೊಂಡ. ಒಂದಷ್ಟು ಹೊತ್ತು ತೇಜುಗೆ ಕತ್ತಲೆ ಮಾತ್ರ ಕಾಣಿಸಿತು.

"ಎಲ್ಲೋದೆ?"

"ಅವರ ಫ್ಯಾಮಿಲಿ ಫೋಟೋ ತೆಗೆದುಕೊಟ್ಟೆ."

"ನಿನ್ನ ಫೋಟೋ?"

"ನಂದ್ಯಾಕೆ? ನೀನು ನೋಡ್ತಾ ಇದೀಯಲ್ಲ."

ಮುಂದಿನ ಅಂಗಡಿಯ ತುಂಬ ಕೆಂಪು ಬಟ್ಟೆಯ ಗೊಂಬೆಗಳು. ಅವಕ್ಕೆ ಕೈ ಇತ್ತು, ಕಾಲು ಇತ್ತು. ಮುಖದ ಜಾಗದಲ್ಲಿ ಬರೀ ಕೆಂಪು ಬಟ್ಟೆ.

"ಇದಕ್ಕೆ ಕಣ್ಣು ಮೂಗು ಬರೆಯೋದು ಮರೆತಿದಾರೆ," ಎಂದಳು ತೇಜು.

"ಇಲ್ಲಿ ಹಿಂಗೇ ಮಾಡೋದು. ನೀನು ಖುಷಿಯಾಗಿದ್ರೆ ಅದೂ ನಗೋ ಹಂಗೆ ಕಾಣುತ್ತಂತೆ. ಬೇಜಾರಲ್ಲಿದ್ರೆ ಅದೂ ಬೇಜಾರು. ತಗೊಳ್ಳಾ?"

ತೇಜು ಗೊಂಬೆಯನ್ನು ಒಂದು ಗಳಿಗೆ ನೋಡಿದಳು. "ಬೇಡ," ಎಂದಳು.

ಆಮೇಲೆ ಆ ಅಂಗಡಿ ಬಂತು. ಹೊರಗಿನ ಸೂರಿನ ಉದ್ದಕ್ಕೂ ಗಾಜಿನ ಪುಟ್ಟ ಗಂಟೆಗಳನ್ನು ತೂಗುಹಾಕಿದ್ದರು. ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡವು. ಒಂದೊಂದರ ನಾಲಿಗೆಗೂ ದಾರ ಕಟ್ಟಿ, ದಾರದ ತುದಿಗೆ ಉದ್ದನೆಯ ಒಂದು ಕಾಗದದ ಚೀಟಿ. ಗಾಳಿ ಬೀಸಿದಾಗ ಚೀಟಿಗಳೆಲ್ಲ ಒಟ್ಟಿಗೆ ತಿರುಗಿದವು.

"ಕೇಳು ತೇಜು, ಕೇಳು. ಎಷ್ಟು ಚೆನ್ನಾಗಿದೆ ಗೊತ್ತಾ?"

ತೇಜು ಫೋನನ್ನು ಕಿವಿಗೆ ಒತ್ತಿಕೊಂಡಳು. ಏನೂ ಇಲ್ಲ. ಅಪ್ಪನ ಉಸಿರು ಮಾತ್ರ.

"ಕೇಳಿಸ್ತಾ ಇಲ್ಲ ಅಪ್ಪ."

"ಈಗ?"

"ಇಲ್ಲ."

ಎಲ್ಲ ಗಂಟೆಗಳೂ ಅಲ್ಲಾಡುತ್ತಿದ್ದವು. ಅಪ್ಪನ ಮುಖ ಅರಳಿತ್ತು. ಆ ಸದ್ದನ್ನು ಮಾತ್ರ ಫೋನು ನುಂಗಿಬಿಡುತ್ತಿತ್ತು.

ಅಂಗಡಿಯಾಕೆ ಹೊರಗೆ ಬಂದಳು. ತಲೆಯೆಲ್ಲ ಬೆಳ್ಳಗೆ, ಬೆನ್ನು ಬಾಗಿದೆ. ಫೋನಿನಲ್ಲಿ ತೇಜುವನ್ನು ಕಂಡವಳೇ ಬಗ್ಗಿ ನಮಸ್ಕಾರ ಮಾಡಿದಳು. ತೇಜುವೂ ಬಗ್ಗಿದಳು. ಆಕೆ ಮತ್ತೆ ಬಗ್ಗಿದಳು. ತೇಜುವೂ ಮತ್ತೆ ಬಗ್ಗಿದಳು.

"ಸಾಕು ನಿಲ್ಸೇ," ಎಂದಳು ಅಜ್ಜಿ. "ನೀನು ನಿಲ್ಸೋವರೆಗೂ ಆಯಮ್ಮ ನಿಲ್ಸಲ್ಲ. ಬೆನ್ನು ಹಿಡ್ಕೊಳುತ್ತೆ ಪಾಪ."

ಅಪ್ಪ ಆಕೆಗೆ ಏನೋ ವಿವರಿಸಿದ. ತನ್ನ ಕಿವಿ ತೋರಿಸಿ ಕೈಯಾಡಿಸಿದ. ಆಕೆ ಒಳಗೆ ಹೋಗಿ ಒಂದು ಗಂಟೆ ತಂದಳು. ಗಾಜಿನ ಮೇಲೆ ಕಿತ್ತಳೆ ಮೀನೊಂದನ್ನು ಬರೆದಿದ್ದರು, ಕಾಲುವೆಯಲ್ಲಿ ಕಂಡ ಮೀನಿನ ಹಾಗೆಯೇ. ಅಪ್ಪ ಇಯರ್‌ಫೋನಿನ ತಂತಿಯ ಮೈಕನ್ನು ಗಂಟೆಯ ಅಂಚಿಗೆ ಹಿಡಿದ. ಆಕೆ ಉಗುರಿನಿಂದ ಒಂದು ಸಲ ತಟ್ಟಿದಳು.

ಟಿಣ್.

ತೆಳ್ಳಗೆ, ತಣ್ಣಗೆ. ಒಂದೇ ಸಲ. ನೀರಿನ ಹನಿಯೊಂದು ತುಂಬಿದ ಬಿಂದಿಗೆಯೊಳಗೆ ಬಿದ್ದ ಹಾಗೆ.

"ಕೇಳಿಸ್ತು," ಎಂದಳು ತೇಜು. "ಅಪ್ಪ, ಇದೇ ಬೇಕು."

"ಇದೇನಾ? ಸರಿ. ಇದೇ."

ಅಂಗಡಿಯಾಕೆ ಏನೋ ಕೇಳಿದಳು. ಅಪ್ಪ ಉತ್ತರ ಕೊಟ್ಟ. ಆಕೆ ರಟ್ಟಿನ ಒಂದು ಪೆಟ್ಟಿಗೆ, ಗುಳ್ಳೆಗಳಿರುವ ಪ್ಲಾಸ್ಟಿಕ್ಕು, ಕಾಗದದ ರಾಶಿ, ಟೇಪು, ಎಲ್ಲ ತಂದು ಮೇಜಿನ ಮೇಲಿಟ್ಟಳು. ಗಂಟೆಯನ್ನು ಎಳೆಮಗುವಿನ ಹಾಗೆ ಸುತ್ತತೊಡಗಿದಳು. ಒಂದು ಸುತ್ತು. ಇನ್ನೊಂದು ಸುತ್ತು. ಮತ್ತೂ ಒಂದು.

"ಅಷ್ಟೊಂದ್ಯಾಕೆ ಸುತ್ತುತಾರೆ ಅಪ್ಪ?"

"ಪೋಸ್ಟಲ್ಲಿ ಬರ್ಬೇಕಲ್ಲ ಪುಟ್ಟಿ. ದಾರೀಲಿ ಎಲ್ಲಾರೂ ಎತ್ತಿ ಹಾಕ್ತಾರೆ. ಒಡೆದೋಗ್ಬಾರ್ದು ಅಂತ."

ಹೇಳಿದ ಮೇಲೆ ಅಪ್ಪ ನಾಲಿಗೆ ಕಚ್ಚಿಕೊಂಡ.



ಮುಂದಿನ ತಿಂಗಳು ಬರುವವನು ಯಾಕೆ ಪೋಸ್ಟಿಗೆ ಹಾಕುತ್ತಾನೆ? ಬ್ಯಾಗಿನಲ್ಲಿ ಬಟ್ಟೆಗಳ ಮಧ್ಯೆ ಇಟ್ಟುಕೊಂಡು ಬಂದರಾಯಿತಲ್ಲ. ಆಟೋ ಇಳಿದು, ಗಲ್ಲಿಯಲ್ಲಿ ನಡೆದು, ಬಾಗಿಲಲ್ಲಿ ನಿಂತು ಅವಳ ಕೈಗೇ ಕೊಟ್ಟರಾಯಿತಲ್ಲ.

ಅವಳಿಗೆ ಟ್ರೈನಿನ ಕಿಟಕಿ ನೆನಪಾಯಿತು. ಬೆಟ್ಟ ನೆನಪಾಯಿತು. 'ನೋಡೋಣ ಪಾಷಾ' ನೆನಪಾಯಿತು. ಅಮ್ಮ ಬಾಗಿಲಲ್ಲಿ ನಿಂತದ್ದು ನೆನಪಾಯಿತು. ಅಮ್ಮನಿಗೆ ಗೊತ್ತಿತ್ತು. ಪಕ್ಕಕ್ಕೆ ತಿರುಗಿ ನೋಡಿದಳು. ಅಜ್ಜಿ ತಲೆಯೆತ್ತಲಿಲ್ಲ. ಬಿಡಿಸಿದ ಸೊಪ್ಪನ್ನೇ ಮತ್ತೆ ಬಿಡಿಸುತ್ತಿದ್ದಳು. ಅಜ್ಜಿಗೂ ಗೊತ್ತಿತ್ತು.

ಗೊತ್ತಿಲ್ಲದೆ ಇದ್ದದ್ದು ಅವಳೊಬ್ಬಳಿಗೇ.

ತೇಜುವಿನ ಹೆಬ್ಬೆರಳು ಫೋನಿನ ಕೆಂಪು ಗುಂಡಿಯ ಮೇಲೆ ಬಂದು ನಿಂತಿತು. ಒತ್ತಿದರೆ ಆಯಿತು. ಊರೂ ಇಲ್ಲ, ಗಂಟೆಯೂ ಇಲ್ಲ. ಆಮೇಲೆ ಎಷ್ಟು ಸಲ ಕರೆ ಮಾಡಿದರೂ ಅವಳು ಎತ್ತುವುದಿಲ್ಲ.

ಅಪ್ಪ ಪರದೆಯೊಳಗೆ ಹಾಗೇ ನಿಂತಿದ್ದ. ಈಗ ಟ್ರೈನಿಲ್ಲ. ಮಾತಾಡಬಹುದಿತ್ತು. ಆದರೂ ಟ್ರೈನಿನಲ್ಲಿ ಕೂತಿದ್ದ ಹಾಗೆಯೇ ಬಾಯಿ ಮುಚ್ಚಿ ನಿಂತಿದ್ದ. ಅವನ ಹಿಂದೆ ಬೀದಿಯಲ್ಲಿ ಜನ ಇಬ್ಬಿಬ್ಬರಾಗಿ, ನಾಲ್ಕು ನಾಲ್ಕು ಜನರಾಗಿ ಹೋಗುತ್ತಿದ್ದರು. ಕೈಯಲ್ಲಿ ಚೀಲ, ಕಂಕುಳಲ್ಲಿ ಮಗು. ಒಬ್ಬರೇ ಹೋಗುವವರು ಯಾರೂ ಕಾಣಲಿಲ್ಲ.

ಬೆಳಿಗ್ಗೆಯಿಂದ ಅಪ್ಪ ಯಾರ ಜೊತೆ ಮಾತಾಡಿದ? ತೇಜು ಯೋಚಿಸಿದಳು. ಅಕ್ಕಿಯುಂಡೆಯವನ ಜೊತೆ ಒಂದು ಮಾತು. ಫೋಟೋ ತೆಗೆಸಿಕೊಂಡವರ ಜೊತೆ ಒಂದು ಮಾತು. ಈ ಅಂಗಡಿಯಾಕೆಯ ಜೊತೆ ನಾಲ್ಕು ಮಾತು. ಇನ್ನು ಕಣ್ಣು ಮುಚ್ಚಿ ನಿಂತು ಕೇಳಿದ್ದು ಹಲಸೂರಿನ ಹಾರ್ನು.

ಅವನಿಗೆ ಬೇಸಿಗೆ ರಜೆ ಅಂತ ಬೇರೆ ಇಲ್ಲ. ಸುಮೈರಾ ಇಲ್ಲದೆ ತಾನು ಒಬ್ಬಳೇ ಇರುವ ಹಾಗೆ ಅವನು ಯಾವಾಗಲೂ ಒಬ್ಬನೇ.

ಹೆಬ್ಬೆರಳನ್ನು ಕೆಂಪು ಗುಂಡಿಯಿಂದ ತೆಗೆದಳು.

"ಅಪ್ಪ."

"ಹೇಳು ಪುಟ್ಟಿ." ಅಪ್ಪ ಫೋನನ್ನು ಮುಖದ ಹತ್ತಿರ ತಂದ. "ಇಲ್ಲಿ ಇನ್ನೊಬ್ಬ ಕುಕ್ ಬಿಟ್ಟು ಹೋದ. ಹೊಸಬ ಬರೋವರೆಗೂ ನನಗೆ ರಜ ಇಲ್ಲ ಅಂದ್ರು ಓನರು. ಇವತ್ತೆಲ್ಲಾ ಹೇಳ್ಬೇಕು ಹೇಳ್ಬೇಕು ಅಂತಾನೇ ಇದ್ದೆ..."

"ಪೋಸ್ಟಲ್ಲಿ ಕಳಿಸ್ಬೇಡ," ಎಂದಳು ತೇಜು.

"ಯಾಕೆ? ಕೋಪಾನಾ?"

"ಗಾಜು ಅದು. ಒಡೆದೋಗುತ್ತೆ."

"ಇಲ್ಲ ಕಣೇ, ನೋಡು ಎಷ್ಟು ಚೆನ್ನಾಗಿ ಸುತ್ತಿದಾರೆ."

"ಬೇಡ. ನಿನ್ ರೂಮಿನ ಕಿಟಕೀಗೆ ಕಟ್ಕೋ. ಬರುವಾಗ ನೀನೇ ತಂದುಕೊಡು."

ಈ ಸಲ ಅಪ್ಪ ಫೋನನ್ನು ಬೇರೆ ಕಡೆ ತಿರುಗಿಸಲಿಲ್ಲ. ಮೆಲ್ಲಗೆ ತಲೆ ಆಡಿಸಿದ.

ಅಂಗಡಿಯಾಕೆಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ, ಸುತ್ತಿದ್ದನ್ನೆಲ್ಲ ಒಂದೊಂದಾಗಿ ಬಿಚ್ಚಿದಳು. ಸಿಡುಕಲಿಲ್ಲ. ಆಮೇಲೆ ಬರಹವಿಲ್ಲದ ಒಂದು ಬಿಳಿಯ ಚೀಟಿಯನ್ನೂ ಪೆನ್ನನ್ನೂ ಅಪ್ಪನ ಮುಂದಿಟ್ಟಳು.

"ಚೀಟಿ ಮೇಲೆ ಬೇಕಾದ್ದು ಬರ್ಕೊಳ್ಳಿ ಅಂತಾರೆ," ಎಂದ ಅಪ್ಪ. "ಏನ್ ಬರೀಲಿ?"

"ನಿನ್ನಿಷ್ಟ."

ಅಪ್ಪ ಬಗ್ಗಿ ಬರೆದ. ಬಿಸಿ ಕಾವಲಿಯ ಮೇಲೆ ಹಿಟ್ಟು ತಿರುಗಿಸುವ ಕೈ ಅದು. ಅಕ್ಷರಗಳು ದುಂಡಗೆ ಬಂದವು. ಬರೆದು ಮುಗಿಸಿ ಕ್ಯಾಮೆರಾಗೆ ಹಿಡಿದ.

ತೇಜು.

ಅಂಗಡಿಯಾಕೆ ಆ ಅಕ್ಷರಗಳ ಹತ್ತಿರ ಕಣ್ಣು ತಂದು ನೋಡಿದಳು. ಗಾಳಿಯಲ್ಲಿ ಬೆರಳಿನಿಂದ ಅವುಗಳ ಸುರುಳಿಗಳನ್ನು ತಿದ್ದಿದಳು. ಆಮೇಲೆ ಮತ್ತೆ ಬಗ್ಗಿದಳು. ಈ ಸಲ ತೇಜು ಒಂದೇ ಸಲ ಬಗ್ಗಿ ನಿಲ್ಲಿಸಿದಳು.

"ನಡಿಯೇ, ಬಿಸಿಲು ಬಂತು," ಎಂದಳು ಅಜ್ಜಿ, ಸೊಪ್ಪಿನ ಚೀಲ ಎತ್ತಿಕೊಳ್ಳುತ್ತ. ಸ್ವಲ್ಪ ದೂರ ಬಂದ ಮೇಲೆ ತೇಜುವಿನ ಕೈ ಹಿಡಿದುಕೊಂಡಳು. ರಸ್ತೆ ದಾಟಿದ ಮೇಲೂ ಬಿಡಲಿಲ್ಲ.

* * *

ಎರಡು ದಿನ ಅಪ್ಪ ಕರೆ ಮಾಡಲಿಲ್ಲ. ಹೋಟೆಲಿನಲ್ಲಿ ಕೆಲಸ ಹೆಚ್ಚಿತ್ತು. ಮೂರನೆಯ ದಿನ ಸಂಜೆ, ಅಮ್ಮ ಕೆಲಸದಿಂದ ಬಂದು ಕಾಲು ತೊಳೆಯುತ್ತಿದ್ದಾಗ ಫೋನು ಸದ್ದು ಮಾಡಿತು.

ಅಪ್ಪ ತನ್ನ ರೂಮಿನಲ್ಲಿದ್ದ. ತೇಜು ಆ ರೂಮನ್ನು ಎಷ್ಟೋ ಸಲ ನೋಡಿದ್ದಳು. ಆದರೆ ಅಪ್ಪನ ಮುಖವನ್ನಷ್ಟೇ ನೋಡುತ್ತಿದ್ದಳು. ಇವತ್ತು ಅವನ ಹಿಂದೆ ಏನಿದೆ ಎಂದು ನೋಡಿದಳು. ಮಡಿಸಿಟ್ಟ ಹಾಸಿಗೆ. ಒಂದೇ ತಟ್ಟೆ, ಒಂದೇ ಲೋಟ. ಸಣ್ಣ ಕಿಟಕಿ.

ಕಿಟಕಿಯಲ್ಲಿ ಮೀನಿನ ಗಂಟೆ.

"ಅಪ್ಪ, ಪಾಯಸಕ್ಕೆ ಹಾಲು ಎಷ್ಟು ಹೊತ್ತು ಕಾಯಿಸ್ಬೇಕು?" ತೇಜು ಕೇಳಿದಳು. "ಈ ಸಲ ಅಡುಗೆಯವರು ಬೇಡ ಅಂತ ಅಜ್ಜಿ ಎಲ್ಲರಿಗೂ ಹೇಳಿದಾಳೆ. ಪಾಷಾ ಅಂಕಲ್ಲೂ ಸೌಟು ಹಿಡೀತಾರಂತೆ."

ಅಮ್ಮ ಕಾಲು ತೊಳೆಯುವುದನ್ನು ನಿಲ್ಲಿಸಿ ಇತ್ತ ನೋಡಿದಳು.

ಅಪ್ಪ ಹೇಳಿದ: "ಹೊತ್ತು ಲೆಕ್ಕ ಇಲ್ಲ ಪುಟ್ಟಿ. ಕೆನೆ ಕೆಂಪಗಾಗೋವರೆಗೆ. ಆದರೆ ತಿರುಗಿಸೋದು ನಿಲ್ಲಿಸ್ಬಾರ್ದು. ಯಾರಾದ್ರೂ ಮಾತಾಡ್ಸಿದ್ರೂ ನಿಲ್ಲಿಸ್ಬಾರ್ದು."

"ಮಾತಾಡ್ಬೋದಾ?"

"ಮಾತಾಡ್ಬೋದು. ಕೈ ಮಾತ್ರ ನಿಲ್ಲಬಾರ್ದು."

ಅಲ್ಲಿ ಗಾಳಿ ಬೀಸಿರಬೇಕು. ಅಪ್ಪನ ತಲೆಯ ಹಿಂದೆ ಚೀಟಿ ತಿರುಗತೊಡಗಿತು.

"ಕೇಳಿಸ್ತಾ?" ಅಪ್ಪ ಹಿಂದೆ ತಿರುಗಿ ನೋಡಿದ. ಅವನ ಮುಖ ಅರಳಿತು. "ಈಗ ಜೋರಾಗಿ ಬಾರಿಸ್ತಾ ಇದೆ. ಕೇಳಿಸ್ತಾ ತೇಜು?"

ತೇಜು ಫೋನನ್ನು ಕಿವಿಗೆ ಒತ್ತಿಕೊಂಡಳು. ಅಪ್ಪನ ಉಸಿರು ಕೇಳಿಸಿತು. ಗಲ್ಲಿಯಲ್ಲಿ ಹುಡುಗರ ಚೆಂಡು ಗೋಡೆಗೆ ಬಡಿಯುವುದು ಕೇಳಿಸಿತು. ಬೇರೆ ಏನೂ ಕೇಳಿಸಲಿಲ್ಲ.

"ಹ್ಞೂಂ," ಎಂದಳು. "ಕೇಳಿಸ್ತಾ ಇದೆ."

ಫೋನನ್ನು ಮತ್ತೆ ಮುಂದೆ ಹಿಡಿದು ನೋಡಿದಳು. ಚೀಟಿ ತಿರುಗುತ್ತಲೇ ಇತ್ತು. ಖಾಲಿ ಬದಿ. ಆಮೇಲೆ ಅವಳ ಹೆಸರು. ಮತ್ತೆ ಖಾಲಿ ಬದಿ. ಮತ್ತೆ ಅವಳ ಹೆಸರು.